ಹಸುವೂ ಮಾದಪ್ಪನದು, ಹುಲಿಯೂ ಮಾದಪ್ಪನದು

ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದು ಬರುವ ಪಾದಯಾತ್ರಿಗಳಿಗೆ, ಅವರನ್ನು ಕರೆತರುವ ಮಂಡಳಿಗಳ ಹಿರಿಯರಿಗೆ, ದಾರಿಯುದ್ದಕ್ಕೂ ಅನ್ನ ನೀರು ಕೊಡುವ ದಾನಿಗಳಿಗೆ,

ಮಾದಪ್ಪನ ಒಕ್ಕಲಿನ ಬಂಧುಗಳೇ,

ಶಿವರಾತ್ರಿ ಹತ್ತಿರವಾಗುತ್ತಿದೆ. ಕನಕಪುರ, ರಾಮನಗರ, ಮಂಡ್ಯ, ಮಳವಳ್ಳಿ, ಮೈಸೂರು, ಬೆಂಗಳೂರಿನ ಬಡಾವಣೆಗಳಲ್ಲಿ ಹೆಸರು ಬರೆಸುವುದು, ಚಂದಾ ಎತ್ತುವುದು, ಅಕ್ಕಿ ಬೇಳೆಯ ಲೆಕ್ಕ ಹಾಕುವುದು ಈಗಾಗಲೇ ಶುರುವಾಗಿರುತ್ತದೆ. ಹಳಬರು ದಾರಿಯ ವಿಚಾರ ಮಾತಾಡುತ್ತಿರುತ್ತಾರೆ. ಸಂಗಮದ ಹತ್ತಿರ ಹೊಳೆಯಲ್ಲಿ ಈ ಸಲ ನೀರು ಎಷ್ಟಿದೆ, ಶಾಗ್ಯದಲ್ಲಿ ಉಳಿಯುವುದೋ ಹನೂರಿಗೆ ಹೋಗಿಬಿಡುವುದೋ, ಕೌದಳ್ಳಿ ದಾಟುವಾಗ ಬಿಸಿಲಿಗೆ ಏನು ಮಾಡುವುದು ಎಂದು. ಈ ಗಡಿಬಿಡಿಯ ನಡುವೆ, ನೀವು ಹೊರಡುವ ಮೊದಲೇ ಓದಲೆಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ಕೊಳ್ಳೇಗಾಲದ ಸೀಮೆಯವಳು. ಮಲೆ ಮಹದೇಶ್ವರ, ಅಂದರೆ ಮಾದಪ್ಪ, ನಮ್ಮ ಮನೆದೇವರು. ನಾನು ಪಾಠ ಹೇಳಿದ ಶಾಲೆಗಳಲ್ಲಿ ಹಾಜರಿ ಕೂಗಿದರೆ ಮಾದೇಶ, ಮಹದೇವ, ಮಾದೇವಸ್ವಾಮಿ, ಮಹದೇವಮ್ಮ, ಮಾದಮ್ಮ ಎಂದು ಅರ್ಧ ತರಗತಿಯೇ ಎದ್ದು ನಿಲ್ಲುತ್ತಿತ್ತು. ನಮ್ಮ ಕಡೆ ಹುಟ್ಟಿದ ಮಗುವಿನ ಹೆಸರಿನಲ್ಲಿ ಅವನಿದ್ದಾನೆ, ಮೊದಲ ಮುಡಿ ಅವನಿಗೆ ಹೋಗುತ್ತದೆ, ಹೊಲದ ಮೊದಲ ಬೆಳೆಯಲ್ಲಿ ಅವನ ಪಾಲು ತೆಗೆದಿಟ್ಟೇ ಉಳಿದದ್ದು ಕಣಜಕ್ಕೆ ಹೋಗುತ್ತದೆ. ಅದೇ ಸಲುಗೆಯಲ್ಲಿ, ಅದೇ ಒಕ್ಕಲಿನವಳಾಗಿ ನಿಮ್ಮೊಡನೆ ಮಾತಾಡುತ್ತಿದ್ದೇನೆ.

ಈ ಪತ್ರ ಬರೆಯಲು ಕಾರಣವಿದೆ. 2025ರ ಜೂನ್ 26ರಂದು ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳ ಹೆಣಗಳು ಸಿಕ್ಕಿದವು. ಹುಲಿ ಹಿಡಿದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಅದನ್ನು ತಿಂದ ತಾಯಿಯೂ ಮರಿಗಳೂ ಸತ್ತವು ಎಂದು ತನಿಖೆಯಲ್ಲಿ ಹೊರಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಪಚ್ಚೆದೊಡ್ಡಿಯ ಬಳಿ ಇನ್ನೊಂದು ಹುಲಿಯ ತುಂಡರಿಸಿದ ದೇಹ ಸಿಕ್ಕಿತು. ಇವೆಲ್ಲ ನಡೆದ ಕಾಡಿಗೆ ಸರ್ಕಾರದ ಕಡತದಲ್ಲೂ ಮಲೆ ಮಹದೇಶ್ವರ ವನ್ಯಜೀವಿಧಾಮ ಎಂದೇ ಹೆಸರು. 2013ರಲ್ಲಿ ಘೋಷಣೆಯಾದ, 906 ಚದರ ಕಿಲೋಮೀಟರ್ ಹರಡಿಕೊಂಡ ಕಾಡು. ಯಾರು ಮಾಡಿದರು, ಶಿಕ್ಷೆ ಏನು ಎಂಬುದನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ನನ್ನ ನಿದ್ದೆ ಕೆಡಿಸಿದ್ದು ಬೇರೆ. ಹುಲಿಯನ್ನೇರಿದ ದೇವರ ಸೀಮೆಯಲ್ಲಿ ಐದು ಹುಲಿಗಳು ವಿಷ ತಿಂದು ಸತ್ತಾಗ, ಅವನ ಒಕ್ಕಲಿನವರಾದ ನಾವು ಲಕ್ಷಗಟ್ಟಲೆ ಜನ ಅದನ್ನು ಅರಣ್ಯ ಇಲಾಖೆಯ ಸುದ್ದಿ ಎಂದು ಓದಿ ಪತ್ರಿಕೆ ಮಡಚಿಟ್ಟೆವು. ನಮ್ಮ ದೇವರ ಮನೆಯ ಸಾವು ಎಂದು ಯಾರಿಗೂ ಅನ್ನಿಸಲಿಲ್ಲ. ಒಂದು ಸೂತಕದ ಮಾತೂ ಯಾವ ಮಂಡಳಿಯಿಂದಲೂ ನನ್ನ ಕಿವಿಗೆ ಬೀಳಲಿಲ್ಲ.

ಬೆಟ್ಟದ ಮಹಿಮೆ ಏನು ಎಂದು ಕೇಳಿದರೆ ಈಗ ಸಾಮಾನ್ಯವಾಗಿ ಬರುವ ಉತ್ತರ ಹರಕೆಯದು. ಮದುವೆಯಾಯಿತು, ಮಗುವಾಯಿತು, ಕೆಲಸ ಸಿಕ್ಕಿತು. ಇವು ಸುಳ್ಳೆಂದು ನಾನು ಹೇಳಲಾರೆ, ನಮ್ಮ ಮನೆಯಲ್ಲೂ ಅಂಥ ಹರಕೆಗಳಿವೆ. ಆದರೆ ರಾತ್ರಿಯಿಡೀ ಹಾಡುವ ದೇವರಗುಡ್ಡರ ಕಥೆ ಕೇಳಿದವರಿಗೆ ಇನ್ನೂ ಒಂದು ಸಂಗತಿ ಗೊತ್ತಿರುತ್ತದೆ. ಉತ್ತರ ದೇಶದಿಂದ ಬಂದ ಮಾದಪ್ಪ ಸುತ್ತೂರಿನ ಮಠದಲ್ಲಿ ರಾಗಿ ಬೀಸಿದ, ಕುಂತೂರು ಮಠದಲ್ಲಿದ್ದ. ಎರಡೂ ಕಡೆ ನೆಲೆ ನಿಲ್ಲಬಹುದಿತ್ತು. ಬಯಲಿನ ಹೊಲ, ತುಂಬಿದ ಊರು, ಮಠದ ಆಸರೆ ಎಲ್ಲವೂ ಇದ್ದವು. ಅದನ್ನೆಲ್ಲ ಬಿಟ್ಟು ಅವನು ಕಾಡಿಗೆ ಬಂದ. ದೇವತೆಗಳನ್ನು ಜೀತಕ್ಕಿಟ್ಟುಕೊಂಡಿದ್ದ ಶ್ರವಣನನ್ನು ಮುಗಿಸಿದ ಮೇಲೂ ನಾಡಿಗೆ ಹಿಂತಿರುಗಲಿಲ್ಲ. ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ ಎಂಬ ಏಳು ಮಲೆಗಳ ನಡುವೆ ನಿಂತ. ಎಪ್ಪತ್ತೇಳು ಮಲೆಯ ಒಡೆಯ ಎಂದು ಹಾಡುವಾಗ ನಾವು ಹೇಳುವುದು ಅವನ ಆಸ್ತಿಯ ಪಟ್ಟಿಯನ್ನೇ. ಅದರಲ್ಲಿ ಗೋಪುರವಿಲ್ಲ, ರಾಜಬೀದಿಯಿಲ್ಲ. ಆನೆ ಇದೆ, ಜೇನು ಇದೆ, ಕಾನು ಇದೆ.

ಅವನನ್ನು ಮೊದಲು ಗುರುತಿಸಿದವರೂ ಕಾಡಿನವರೇ. ಮಾದಪ್ಪನ ಕಥೆಯಲ್ಲಿ ಬರುವ ಸೋಲಿಗರ ಸಂಕಮ್ಮನ ಸಾಲು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಗಂಡ ನೀಲೇಗೌಡ ಕಾಡಿಗೆ ಹೋಗುವ ಮೊದಲು ಹೆಂಡತಿಯ ಮೇಲೆ ಅನುಮಾನಪಟ್ಟು ಆಣೆ ಇಡು ಎನ್ನುತ್ತಾನೆ. ಅವಳು ಇಡುವುದಿಲ್ಲ. ಅವನು ಹಿಂಸೆ ಕೊಟ್ಟು ಗುಡಿಸಿಲಿನಲ್ಲಿ ಅವಳನ್ನು ಕಟ್ಟಿಹಾಕಿ ಹೋಗುತ್ತಾನೆ. ಅವಳ ಮೊರೆ ಕೇಳಿ ಮಾದಪ್ಪ ಬರುತ್ತಾನೆ, ಕಾರಯ್ಯ ಬಿಲ್ಲಯ್ಯ ಎಂಬ ಮಕ್ಕಳ ವರ ಕೊಡುತ್ತಾನೆ. ಇಷ್ಟು ದಿಟ್ಟವಾಗಿ ಒಬ್ಬ ಕಾಡಿನ ಹೆಣ್ಣುಮಗಳ ಪಕ್ಷ ವಹಿಸಿದ ದೇವರು ನಮಗೆ ಸಿಕ್ಕಿದ್ದಾನೆ ಎಂಬುದು ನನಗೆ ಯಾವಾಗಲೂ ಹೆಮ್ಮೆ. ಇಂದಿಗೂ ಬೆಟ್ಟದಲ್ಲಿ ಪೂಜೆ ಮಾಡುವವರು ಅಲ್ಲಿಯ ಬೇಡಗಂಪಣರು. ದೀಪಾವಳಿಯ ಹಾಲರವಿ ಉತ್ಸವದಲ್ಲಿ ಬೇಡಗಂಪಣರ 101 ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನೊಳಗಿನ ಹಾಲಹಳ್ಳಕ್ಕೆ ಹೋಗಿ, ಪುಟ್ಟ ತಲೆಗಳ ಮೇಲೆ ಕಳಸ ಹೊತ್ತು ನೀರು ತರುತ್ತಾರೆ. ಮಾದಪ್ಪನ ಅಭಿಷೇಕ ಆ ನೀರಿನಿಂದ. ಹಳ್ಳ ಬತ್ತಿದ ವರ್ಷ ಆ ಮಕ್ಕಳು ಏನು ಹೊತ್ತು ತರಬೇಕು? ಹಳ್ಳ ಹರಿಯುವುದು ಅದರ ಮೇಲಿನ ಕಾಡು ನಿಂತಿರುವವರೆಗೆ ಮಾತ್ರ.

ಇನ್ನು ಹಸುವಿನ ಮಾತು. ಆಲಂಬಾಡಿಯ ಜುಂಜೇಗೌಡನ ಕಥೆಯಿಲ್ಲದೆ ಬೆಟ್ಟದ ಗುಡಿಯ ಕಥೆಯೇ ಇಲ್ಲ. ಅವನ ಹಟ್ಟಿಯ ಹಸು ಹುತ್ತದ ಮೇಲೆ ಹಾಲು ಸುರಿಸಿತು, ಹುತ್ತದೊಳಗಿದ್ದ ಮಾದಪ್ಪ ಅವನಿಗೆ ಗೋಚರನಾದ, ಗೌಡ ಗುಡಿ ಕಟ್ಟಿಸಿದ ಎಂದು ಹಾಡುತ್ತಾರೆ. ದೇವರ ಇರುವನ್ನು ಮನುಷ್ಯರಿಗೆ ತೋರಿಸಿಕೊಟ್ಟದ್ದು ಹಸು. ಎಪ್ಪತ್ತೇಳು ಮಲೆಯಲ್ಲಿ ಅವನನ್ನು ಹೊತ್ತು ತಿರುಗಿದ್ದು ಹುಲಿ. ಬೆಟ್ಟದ ಸೇವೆಗಳಲ್ಲಿ ಬಸವ ವಾಹನವೂ ಇದೆ, ಹುಲಿ ವಾಹನವೂ ಇದೆ. ಒಂದೇ ಅಂಗಳದಲ್ಲಿ ಎರಡನ್ನೂ ಎಳೆಯುತ್ತೇವೆ, ಎರಡಕ್ಕೂ ಉಘೇ ಎನ್ನುತ್ತೇವೆ. ತಿನ್ನುವ ಪ್ರಾಣಿಯನ್ನೂ ತಿನ್ನಿಸಿಕೊಳ್ಳುವ ಪ್ರಾಣಿಯನ್ನೂ ಒಂದೇ ಮಲೆಯಲ್ಲಿ ಇರಿಸಿಕೊಂಡು ಎರಡಕ್ಕೂ ಒಡೆಯನಾಗಿರುವುದೇ ಮಾದಪ್ಪನ ದೊಡ್ಡ ಪವಾಡ ಎಂದು ನಾನು ನಂಬಿದ್ದೇನೆ. ಮೀಣ್ಯಂ ಕಾಡಿನಲ್ಲಿ ಮುರಿದುಬಿದ್ದದ್ದು ಆ ಒಪ್ಪಂದ. ಅವನ ಹಸುವಿನ ದೇಹವನ್ನೇ ಅವನ ಹುಲಿಗೆ ವಿಷ ಮಾಡಿ ಇಡಲಾಯಿತು.

ಇಷ್ಟಕ್ಕೆ ಕಾಡಂಚಿನ ಜನರನ್ನು ಬಯ್ದು ಪತ್ರ ಮುಗಿಸಬಹುದಿತ್ತು. ನಾನು ಹಾಗೆ ಮಾಡಲಾರೆ.

ನನ್ನ ಸೋದರಮಾವನ ಮನೆ ಕಾಡಂಚಿನ ಒಂದು ದೊಡ್ಡಿಯಲ್ಲಿತ್ತು. ನಾನು ಚಿಕ್ಕವಳಿದ್ದಾಗ ರಜೆಗೆ ಅಲ್ಲಿಗೆ ಹೋಗಿದ್ದ ಸಮಯದಲ್ಲಿ ಮೇಯಲು ಹೋದ ಹಸುವೊಂದು ಹಿಂತಿರುಗಲಿಲ್ಲ. ಕರು ಹಾಕಿ ಹೆಚ್ಚು ದಿನವಾಗಿರಲಿಲ್ಲ. ಮಾರನೆಯ ದಿನ ಮಾವ ಹಗ್ಗವನ್ನೂ ಕೊರಳಿನ ಗಂಟೆಯನ್ನೂ ಹಿಡಿದುಕೊಂಡು ಬಂದರು. ಗಂಟೆಯೊಳಗೆ ಮಣ್ಣು ಮೆತ್ತಿತ್ತು. ಅತ್ತೆ ಅದನ್ನು ತೊಳೆದು, ಸೆರಗಿನಲ್ಲಿ ಒರೆಸಿ, ಮಾದಪ್ಪನ ಪಟದ ಪಕ್ಕದ ಮೊಳೆಗೆ ನೇತುಹಾಕಿದರು. ಕರು ರಾತ್ರಿಯೆಲ್ಲ ಕೂಗುತ್ತಿತ್ತು. ನೆರೆಯವರು ಬಂದು ಕೂತಾಗ ಮಾವ, "ಅವನ ಸವಾರಿ ಬಂದಿತ್ತು, ಅವನ ಪಾಲು ತಕೊಂಡು ಹೋಯ್ತು. ಏನ್ ಮಾಡಾಕಾದದು" ಎಂದಷ್ಟೇ ಹೇಳಿದರು. ಅತ್ತೆ ಕರುವಿಗೆ ಬಟ್ಟೆಯ ತುದಿಯಿಂದ ಹಾಲು ಚೀಪಿಸುತ್ತಿದ್ದರು. ಆ ಹಾಲನ್ನು ಪಕ್ಕದ ಮನೆಯವರು ತಂದುಕೊಟ್ಟಿದ್ದರು.

ಮಾವ ಹೇಳಿದ ಮಾತು ದೊಡ್ಡದು. ಆದರೆ ಅದನ್ನು ಹೇಳುವ ಹಕ್ಕು ಹಸು ಕಳೆದುಕೊಂಡವರಿಗೆ ಮಾತ್ರ ಇದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತ ನಾವು "ಹುಲಿ ಮಾದಪ್ಪನ ವಾಹನ, ಸಹಿಸಿಕೊಳ್ಳಿ" ಎಂದು ಆ ಜನಕ್ಕೆ ಉಪದೇಶ ಮಾಡುವಂತಿಲ್ಲ. ಈಗಿನ ಹಸು ಸಾಲದ ಹಸು. ಅದರ ಹಾಲು ಡೇರಿಗೆ ಹೋದರೆ ಮಕ್ಕಳ ಶಾಲೆಯ ಖರ್ಚು, ಆಸ್ಪತ್ರೆಯ ಖರ್ಚು ನಡೆಯುತ್ತದೆ. ಸರ್ಕಾರದ ಪರಿಹಾರ ಉಂಟು, ಆದರೆ ಅರ್ಜಿ, ಪಂಚನಾಮೆ, ಪಶುವೈದ್ಯರ ವರದಿ, ಫೋಟೊ ಎಂದು ತಿರುಗಿ ಹಣ ಕೈಗೆ ಬರುವ ಹೊತ್ತಿಗೆ ಸಾಲದ ಕಂತುಗಳು ತಪ್ಪಿರುತ್ತವೆ. ಮಾದಪ್ಪನ ಹುಲಿಯನ್ನು ಸಾಕುವ ಖರ್ಚನ್ನು ಹೂಗ್ಯಂ, ಮೀಣ್ಯಂ, ಪೊನ್ನಾಚಿಯ ಕಡೆಯ ಬಡ ಒಕ್ಕಲುಗಳು ಹೊರುತ್ತಿವೆ. ಪುಣ್ಯದಲ್ಲಿ ಮಾತ್ರ ನಾವೆಲ್ಲ ಪಾಲುದಾರರು. ಇದು ನ್ಯಾಯವಲ್ಲ ಬಂಧುಗಳೇ.

ಆದ್ದರಿಂದ ನನ್ನ ಮೊದಲ ಬೇಡಿಕೆ ಮುಡಿಪಿನದು. ಕಷ್ಟ ಬಂದಾಗ ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರ ಮನೆಯಲ್ಲಿಡುವ ರೂಢಿ ನಿಮ್ಮೆಲ್ಲರ ಮನೆಯಲ್ಲೂ ಇದೆ. ಈ ವರ್ಷದಿಂದ ಪ್ರತಿ ಪಾದಯಾತ್ರೆ ಮಂಡಳಿಯೂ ಹುಲಿ ಹಿಡಿದ ದನಗಳ ಹೆಸರಿನಲ್ಲಿ ಒಂದು ಮುಡಿಪು ಕಟ್ಟಲಿ. ತಲೆಗೆ ಇಷ್ಟೇ ಎಂದು ನಾನು ಹೇಳುವುದಿಲ್ಲ. ಒಂದು ಹೊತ್ತಿನ ಊಟದ ಖರ್ಚು ಸಾಕು. ಅದನ್ನು ಹುಂಡಿಗೆ ಹಾಕುವ ಬದಲು, ಕಾಡಂಚಿನ ಒಂದು ಊರನ್ನು ನಿಮ್ಮ ಮಂಡಳಿಯ ಊರು ಎಂದು ಆರಿಸಿಕೊಳ್ಳಿ. ಅಲ್ಲಿಯ ಹಾಲಿನ ಡೇರಿಯವರನ್ನೋ ಶಾಲೆಯ ಮೇಷ್ಟರನ್ನೋ ಪಂಚಾಯಿತಿ ಸದಸ್ಯರನ್ನೋ ಪರಿಚಯ ಮಾಡಿಕೊಳ್ಳಿ. ಆ ಊರಿನಲ್ಲಿ ಹುಲಿಯೋ ಚಿರತೆಯೋ ದನ ಹಿಡಿದ ಸುದ್ದಿ ಬಂದ ವಾರದೊಳಗೆ ನಿಮ್ಮವರಿಬ್ಬರು ಆ ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಮಾದಪ್ಪನ ಒಕ್ಕಲಿನವರು ನಾವು ಎಂದು ಹೇಳಿ, ಆ ಹಣ ಕೊಟ್ಟು ಬನ್ನಿ. ಸರ್ಕಾರದ ಪರಿಹಾರ ಬರುವವರೆಗೆ ಅದು ಕೈ ಹಿಡಿಯುತ್ತದೆ. ಹಣಕ್ಕಿಂತ ಹೆಚ್ಚಾಗಿ, ತನ್ನ ನಷ್ಟ ನಾಡಿಗೆ ತಿಳಿಯಿತು ಎಂದು ಗೊತ್ತಾದ ಮನುಷ್ಯ ವಿಷದ ಡಬ್ಬಿಯ ಕಡೆ ಕೈ ಚಾಚುವ ಮೊದಲು ಒಮ್ಮೆ ನಿಲ್ಲುತ್ತಾನೆ ಎಂಬ ನಂಬಿಕೆ ನನ್ನದು.

ಅರಣ್ಯ ಇಲಾಖೆ ಇರುವುದು ಯಾತಕ್ಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಇಲಾಖೆಯ ಕೆಲಸ ಇಲಾಖೆ ಮಾಡಲಿ, ಮಾಡದಿದ್ದರೆ ಕೇಳೋಣ. ಈ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಗಬೇಕೋ ಬೇಡವೋ ಎಂಬ ಚರ್ಚೆಯೂ ನಡೆಯುತ್ತಿದೆ. ಅಲ್ಲಿ ಬದುಕುವವರ ಮಾತನ್ನು ಮೊದಲು ಕೇಳಬೇಕು ಎಂಬುದಷ್ಟೇ ನನ್ನ ಅಭಿಪ್ರಾಯ. ಆದರೆ ದೇವರ ಸೇವೆಯನ್ನು ನಾವು ಎಂದೂ ಸರ್ಕಾರಕ್ಕೆ ಬಿಟ್ಟುಕೊಟ್ಟವರಲ್ಲ. ಊರಿನ ಜಾತ್ರೆಗೆ ಸರ್ಕಾರ ಅಕ್ಕಿ ಕೊಡಲಿ ಎಂದು ಕಾಯುತ್ತೇವೆಯೇ? 2023ರ ಮಾರ್ಚ್‌ನಲ್ಲಿ ದೀಪದಗಿರಿ ಒಡ್ಡಿನಲ್ಲಿ ಹುಲಿಯೇರಿದ ಮಾದಪ್ಪನ 108 ಅಡಿ ಎತ್ತರದ ಪ್ರತಿಮೆ ಲೋಕಾರ್ಪಣೆಯಾದಾಗ ಜನ ಹಿಗ್ಗಿದ್ದನ್ನು ನೋಡಿದ್ದೇನೆ, ನಾನೂ ಕೈಮುಗಿದಿದ್ದೇನೆ. ಅದರ ಎದುರು ನಿಂತು ಮಕ್ಕಳಿಗೆ ಹುಲಿ ತೋರಿಸುವ ತಂದೆತಾಯಿಯರೇ, ಸುತ್ತಲಿನ ಕಾಡಿನಲ್ಲಿ ನಿಜವಾದ ಹುಲಿ ಉಳಿದಿದೆ ಎಂದು ಆ ಮಗುವಿಗೆ ಹೇಳುವ ಭಾಗ್ಯವನ್ನು ಕಳೆದುಕೊಳ್ಳಬೇಡಿ.

ಎರಡನೆಯ ಬೇಡಿಕೆ ಬೆಂಕಿಯದು. ಇದನ್ನು ತುಸು ವಿವರವಾಗಿ ಹೇಳಲು ಬಿಡಿ. ಶಿವರಾತ್ರಿ ಬರುವುದು ಕಾಡು ಪೂರ್ತಿ ಒಣಗಿದ ಕಾಲದಲ್ಲಿ. ಇದು ಮಲೆನಾಡಿನ ಹಸಿರು ಕಾಡಲ್ಲ, ಎಲೆ ಉದುರಿಸುವ ಕುರುಚಲು ಕಾಡು. ದಿಂಡಿಗ, ಕಗ್ಗಲಿ, ಬಿದಿರು ಎಲ್ಲ ಬೋಳಾಗಿ, ಕಾಲಡಿಯ ತರಗು ಹಪ್ಪಳದ ಹಾಗೆ ಮುರಿಯುತ್ತಿರುತ್ತದೆ. ಅದರ ನಡುವೆ ಲಂಟಾನ ಪೊದೆಗಳು ಒಣಗಿ ನಿಂತಿರುತ್ತವೆ. ಒಂದಕ್ಕೆ ಹೊತ್ತಿಕೊಂಡರೆ ಬೆಂಕಿ ನೆಲ ಬಿಟ್ಟು ಕೊಂಬೆಗೆ ಏರುತ್ತದೆ. ಹಿಂದೆ ಸೋಲಿಗರು ತರಗು ಬೆಂಕಿ ಎಂದು ಹಾಕುತ್ತಿದ್ದರು. ಬೇಸಿಗೆ ಬಲಿಯುವ ಮೊದಲೇ, ಎಲೆಯಲ್ಲಿ ಇನ್ನೂ ಒಂದಿಷ್ಟು ಪಸೆ ಇರುವಾಗ, ತರಗು ಮಾತ್ರ ಸುಟ್ಟು ಮರ ಉಳಿಯುವ ಹಾಗೆ. ಕಾಡು ಬಲ್ಲವರ ಕೈಯ ಬೆಂಕಿ ಅದು. ನಾವು ಬಿಸಾಡುವ ಬೀಡಿ ತುಂಡಿಗೆ ಆ ವಿವೇಕವಿಲ್ಲ. ಒಂದು ಸಲ ತಾಳಬೆಟ್ಟದಿಂದ ಮೇಲಕ್ಕೆ ಹತ್ತುವಾಗ, ದಾರಿಯ ಪಕ್ಕದ ಇಳಿಜಾರು ಸುಟ್ಟು ಕರಕಲಾಗಿದ್ದುದನ್ನು ಕಂಡೆ. ಮೂರು ಕಲ್ಲು ಹೂಡಿ ಯಾರೋ ಅಡುಗೆ ಮಾಡಿದ್ದರು, ಬೂದಿ ಆರಿಸದೆ ಹೊರಟಿದ್ದರು. ಸುಟ್ಟ ಪೊದೆಯ ಬುಡದಲ್ಲಿ ಗೌಜುಗದ ಮೊಟ್ಟೆಗಳು ಬಿರುಕು ಬಿಟ್ಟು ಕಪ್ಪಾಗಿ ಬಿದ್ದಿದ್ದವು. ನನ್ನ ಜೊತೆಯಲ್ಲಿ ಉಘೇ ಎನ್ನುತ್ತ ಬರುತ್ತಿದ್ದ ಹುಡುಗರು ಅದನ್ನು ಕಂಡು ಸುಮ್ಮನಾದರು.

ಕಾಡಿನ ದಾರಿಯಲ್ಲಿ ಒಲೆ ಹೂಡಬೇಡಿ. ಅಡುಗೆ ಊರುಗಳಲ್ಲಿ ಆಗಲಿ. ಕಾಡಿನೊಳಗೆ ತಿನ್ನಲು ಪುರಿ, ಕಡಲೆ, ರೊಟ್ಟಿ, ಬಾಳೆಹಣ್ಣು ಸಾಲದೆ? ಪಂಜಿನ ಸೇವೆ, ಧೂಪ, ಕರ್ಪೂರ ಎಲ್ಲವೂ ದೇವಸ್ಥಾನದ ಅಂಗಳದಲ್ಲಿ. ಬೀಡಿ ಸಿಗರೇಟು ಸೇದುವವರು ಯಾತ್ರೆ ಮುಗಿಯುವವರೆಗೆ ಬಿಡಿ. ಪ್ರತಿ ಗುಂಪಿನ ಹಿಂದೆ ಇಬ್ಬರು ಬಲಿಷ್ಠ ಹುಡುಗರನ್ನು ನೀರಿನ ಕ್ಯಾನಿನೊಡನೆ ನಡೆಸಿ. ಹೊಗೆ ಕಂಡರೆ ಆರಿಸಲಿ, ಕೈಮೀರಿದ್ದರೆ ಅರಣ್ಯದ ತನಿಖಾ ಠಾಣೆಗೆ ತಿಳಿಸಲಿ.

ಅನ್ನದಾನಿಗಳಿಗೆ ಒಂದು ಮಾತು. ನಿಮ್ಮ ಪುಣ್ಯಕ್ಕೆ ಎಣೆಯಿಲ್ಲ. ಕಾಲಲ್ಲಿ ಬೊಕ್ಕೆ ಎದ್ದವರಿಗೆ ಮಜ್ಜಿಗೆ ಕೊಟ್ಟು, ಕಾಲಿಗೆ ಎಣ್ಣೆ ಸವರುವ ಮುದುಕಿಯರನ್ನು ನಾನು ಈ ದಾರಿಯಲ್ಲಿ ಕಂಡಿದ್ದೇನೆ. ಆದರೆ ನೀವು ಕೊಡುವ ಪ್ಲಾಸ್ಟಿಕ್ ಲೋಟ, ಥರ್ಮಕೋಲ್ ತಟ್ಟೆ, ನೀರಿನ ಪೊಟ್ಟಣ ಜಾತ್ರೆ ಮುಗಿದ ಮೇಲೂ ಅಲ್ಲೇ ಇರುತ್ತವೆ. ಉಪ್ಪಿನ ರುಚಿ ಹತ್ತಿದ ಆ ತಟ್ಟೆಗಳನ್ನು ಕಡವೆ, ಜಿಂಕೆ, ದನಗಳು ತಿನ್ನುತ್ತವೆ. ಮುತ್ತುಗದ ಎಲೆ, ಅಡಿಕೆ ಹಾಳೆ ಇವೆ. ಲೋಟವನ್ನು ಪ್ರತಿ ಯಾತ್ರಿಯೂ ಸೊಂಟಕ್ಕೆ ಕಟ್ಟಿಕೊಂಡು ಬರಲಿ, ಸ್ಟೀಲಿನದು, ಮನೆಯದು. ಲೋಟ ತಂದವರಿಗೆ ಮಾತ್ರ ಪಾನಕ ಎಂದು ನೀವು ಒಂದು ವರ್ಷ ಹಠ ಹಿಡಿದರೆ ಮರುವರ್ಷ ಎಲ್ಲರೂ ತರುತ್ತಾರೆ. ಅಂತರಗಂಗೆಯಲ್ಲಿ ಮಿಂದು ಉಟ್ಟ ಬಟ್ಟೆಯನ್ನು ಅಲ್ಲೇ ಬಿಡುವುದನ್ನೂ, ಶಾಂಪು ಪೊಟ್ಟಣ ಎಸೆಯುವುದನ್ನೂ ಇದರ ಜೊತೆಗೇ ನಿಲ್ಲಿಸಿ.

ತರುಣರಿಗೆ ಬೇರೆಯಾಗಿ ಹೇಳಬೇಕಾದದ್ದು ಸದ್ದಿನ ವಿಚಾರ. ಟ್ರ್ಯಾಕ್ಟರಿನ ಮೇಲೆ ದೊಡ್ಡ ಡಬ್ಬ ಕಟ್ಟಿಕೊಂಡು ಡಿಜೆ ಹಾಕಿಕೊಂಡು ಬರುವುದು ಹೆಚ್ಚಾಗಿದೆ. ಮಾದಪ್ಪನಿಗೆ ತನ್ನದೇ ವಾದ್ಯವಿದೆ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ; ಎರಡೂ ಕೂಡಿದರೆ ಕಂಸಾಳೆ. ಬೀಸು ಕಂಸಾಳೆಯವರು ಅದನ್ನು ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಕೆಳಗೆ ಬೀಸಿ ಬಡಿದರೂ ತಾಳ ತಪ್ಪುವುದಿಲ್ಲ. ಪಿ.ಕೆ. ರಾಜಶೇಖರ ಅವರಂಥ ವಿದ್ವಾಂಸರು ಈ ಗುಡ್ಡರ ಬಾಯಿಂದ ಕೇಳಿ ಬರೆದುಕೊಂಡದ್ದರಿಂದಲೇ ಮಾದಪ್ಪನ ಕಾವ್ಯ ಅಚ್ಚಿಗೆ ಬಂತು. ಡಿಜೆಗೆ ಕೊಡುವ ಬಾಡಿಗೆಯಲ್ಲಿ ಒಂದು ಕಂಸಾಳೆ ತಂಡ ನಿಮ್ಮೊಡನೆ ನಡೆದು ಬರುತ್ತದೆ. ಹಗಲು ಅವರು ಹಾಡಲಿ, ನೀವು ಸೊಲ್ಲು ಹಿಡಿಯಿರಿ. ಕತ್ತಲಾದ ಮೇಲೆ ಕಾಡಿನ ದಾರಿಯಲ್ಲಿ ನಡೆಯಲೇಬೇಡಿ. ಅದು ಆನೆ ನೀರಿಗಿಳಿಯುವ ಹೊತ್ತು, ಹುಲಿ ಚಿರತೆ ತಿರುಗುವ ಹೊತ್ತು. ನಿಮ್ಮ ಜೀವವೂ ನಮಗೆ ಬೇಕು.

ಬೆಟ್ಟದ ಸಾಲೂರು ಮಠದ ಹಿರಿಯರು, ದೇವಸ್ಥಾನದ ಪ್ರಾಧಿಕಾರದವರು ಈ ಪತ್ರ ನೋಡುವುದಾದರೆ ಅವರಲ್ಲೂ ಒಂದು ವಿನಂತಿ. ಹುಲಿ ವಾಹನ ಸೇವೆ ಮಾಡಿಸುವ ಭಕ್ತರು ಕಟ್ಟುವ ಹಣದಲ್ಲಿ ಒಂದು ಪಾಲನ್ನು ದನ ಕಳೆದುಕೊಂಡ ಒಕ್ಕಲುಗಳಿಗೆ ಮೀಸಲಿಡುವ ಕ್ರಮವನ್ನು ದಯವಿಟ್ಟು ಯೋಚಿಸಿ. ಅದು ಜಾರಿಗೆ ಬಂದರೆ ಆ ಸೇವೆಗೆ ಹೆಸರು ಬರೆಸುವವರ ಸಾಲಿನಲ್ಲಿ ನಾನೂ ನಿಲ್ಲುತ್ತೇನೆ.

ಮಂಡಳಿಗಳ ಹಿರಿಯರೇ, ಹೊರಡುವ ಮುನ್ನ ನೀವು ಒಂದು ಸಭೆ ಸೇರಿಯೇ ಸೇರುತ್ತೀರಿ. ಆ ಸಭೆಯಲ್ಲಿ ಈ ಪತ್ರವನ್ನು ಓದಿಸಿ. ಒಪ್ಪಿಗೆಯಾಗದ ಮಾತಿದ್ದರೆ ಬಿಟ್ಟುಬಿಡಿ. ಆದರೆ ಮುಡಿಪನ್ನು ಅಂದೇ ಕಟ್ಟಿ, ನಿಮ್ಮ ಪಾಲಿನ ಊರು ಯಾವುದು, ಆ ಊರಿಗೆ ಹೋಗಿ ಬರುವ ಇಬ್ಬರು ಯಾರು ಎಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆದೇ ಮೇಲೇಳಿ.

ಉಘೇ ಮಾದಪ್ಪ.

ಇಂತಿ ನಿಮ್ಮ ವಿಶ್ವಾಸಿ,
ಮಾದಪ್ಪನ ಒಕ್ಕಲಿನ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ
ಕೊಳ್ಳೇಗಾಲ